ಒಂದು ಕೆಲಸಕ್ಕೆ ಇಬ್ಬರು ಮಧ್ಯಸ್ಥರು

"ಊರು ಬೇಡ ಮೇಡಮ್. ಅಪ್ಪನ ಹೆಸರು ಬೇಡ. ಮನೇಲಿ ಯಾರ್ಯಾರಿದ್ದಾರೆ ಅನ್ನೋದೂ ಬೇಡ. ನೀವು ಯಾರು ಅಂತ ಎರಡೇ ನಿಮಿಷದಲ್ಲಿ ಹೇಳ್ಬಿಡಿ."

ಇಂದಿರಾನಗರದ ಗಾಜಿನ ಕೋಣೆಯೊಂದರಲ್ಲಿ, ನನಗಿಂತ ಬಹಳ ಚಿಕ್ಕ ಹುಡುಗಿಯೊಬ್ಬಳು ನನಗೆ ಹೀಗೆ ಹೇಳಿದಳು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡೆ. ಊರು, ಅಪ್ಪ, ಮನೆತನ ಮೂರನ್ನೂ ತೆಗೆದಿಟ್ಟ ಮೇಲೆ ಹೇಳಲು ಉಳಿಯುವುದಾದರೂ ಏನು? ನಮ್ಮ ಗದಗಿನಲ್ಲಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಸಹ ಮೊದಲು "ಯಾ ಊರ್ರೀ ನಿಮ್ದು?" ಎನ್ನುತ್ತಾರೆ, ಆಮೇಲೆ "ಯಾರ ಪೈಕಿ?" ಎನ್ನುತ್ತಾರೆ. ಅಷ್ಟು ಗೊತ್ತಾದರೆ ಸಾಕು, ನೀವು ಎಂಥವರೆಂದು ಅವರೇ ಅಂದಾಜು ಮಾಡಿಕೊಳ್ಳುತ್ತಾರೆ. ನಮ್ಮನ್ನು ನಾವೇ ಹೊಗಳಿಕೊಳ್ಳುವ ಪ್ರಸಂಗ ಬರುವುದಿಲ್ಲ. ಹೊಗಳಿಕೊಂಡರೆ "ತನ್ನ ಬೆನ್ನ ತಾನ ಚಪ್ಪರಿಸ್ಕೊಳ್ತಾಳ ನೋಡ್ರಿ" ಎಂದು ನಗುತ್ತಾರೆ. ಇಲ್ಲಿ ಆ ಹುಡುಗಿ ಫೋನಿನಲ್ಲಿ ಸಮಯ ಹಚ್ಚಿಟ್ಟು ನನ್ನ ಮುಖ ನೋಡುತ್ತ ಕೂತಿದ್ದಳು.

"ನಾನು ಕಸ್ತೂರಿ. ಗದಗಿನಾಕಿ," ಎಂದೆ.

"ಮತ್ತೆ ಊರು ಬಂತು ಮೇಡಮ್," ಎಂದಳು.

ಆ ಹುಡುಗಿಯ ಹೆಸರು ಶ್ವೇತಾ. ಕೆಲಸ ಬೇಕಾದವರನ್ನೂ ಕೆಲಸ ಕೊಡುವವರನ್ನೂ ಕೂಡಿಸುವ ಕಚೇರಿಯೊಂದರಲ್ಲಿ ಅವಳ ಕೆಲಸ. ಇಂಥ ಕಚೇರಿಗೆ ಇಲ್ಲಿ ಕನ್ಸಲ್ಟೆನ್ಸಿ ಎನ್ನುತ್ತಾರೆ. ನಾವು ಕೊಡುವ ನಮ್ಮ ವಿವರದ ಹಾಳೆಗೆ ಪ್ರೊಫೈಲ್ ಎಂದು ಹೆಸರು. ಕೆಲಸ ಕೊಡುವ ಕಂಪನಿ ಅವರ ಬಾಯಲ್ಲಿ ಕ್ಲೈಂಟ್. ಊರಿನಲ್ಲಿರುವ ನೀವು ಇದನ್ನು ತಿಳಿಯಲು ಕಷ್ಟಪಡಬೇಕಿಲ್ಲ. ಕನ್ಯಾ-ವರ ಕೂಡಿಸುವ ಮಧ್ಯಸ್ಥರನ್ನು ನೆನೆಸಿಕೊಳ್ಳಿ, ಸಾಕು. ಆ ವಿಷಯದಲ್ಲಿ ನನಗೆ ಬೇರೆಯವರಿಗಿಂತ ಹೆಚ್ಚು ಅನುಭವವಿದೆ. ನನ್ನನ್ನು ನೋಡಲು ಬಂದ ವರಗಳು ನಮ್ಮ ಮನೆಯ ಅವಲಕ್ಕಿ ತಿಂದು, ಚಹಾ ಕುಡಿದು, "ಊರಿಗೆ ಹೋಗಿ ತಿಳಸ್ತೀವ್ರಿ" ಎಂದು ಎದ್ದು ಹೋದದ್ದು ಒಂದೆರಡು ಸಲವಲ್ಲ. ನಾನು ನಲವತ್ತು ದಾಟಿದೆ. ಅವರು ಇನ್ನೂ ತಿಳಿಸುವವರಿದ್ದಾರೆ.

ಮದುವೆಯಾಗಲಿಲ್ಲ ಎಂಬ ದುಃಖಕ್ಕೆ ನಾನು ಬೆಂಗಳೂರಿಗೆ ಬಂದವಳಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಿನಲ್ಲಿ ಹಾಗೆಂದು ಮಾತಾಡಿಕೊಳ್ಳುವವರಿದ್ದಾರೆ ಎಂದು ಗೊತ್ತು. ಗದಗಿನಲ್ಲಿ ಹತ್ತಿ ಬಿಡಿಸುವ ಯಂತ್ರಗಳನ್ನು ಮಾಡುವ ಕಾರ್ಖಾನೆಯೊಂದರ ಖರೀದಿ ವಿಭಾಗವನ್ನು ಬಹಳ ವರ್ಷ ನಾನೇ ನೋಡಿಕೊಂಡೆ. ಕಬ್ಬಿಣ, ಬೇರಿಂಗು, ಬೋಲ್ಟು ಯಾರಿಂದ ತರಿಸಬೇಕು, ಯಾರನ್ನು ನಂಬಬೇಕು, ತಡಮಾಡಿದವರನ್ನು ಹೇಗೆ ಬಗ್ಗಿಸಬೇಕು, ಎಲ್ಲ ನನ್ನ ಕೆಲಸ. ಮಾಲಕರ ಅಣ್ಣತಮ್ಮಂದಿರು ಪಾಲಾದರು, ಕಾರ್ಖಾನೆ ಮುಚ್ಚಿತು. ನನ್ನ ಅಣ್ಣನಿಗೆ ಸ್ಟೀಲ್ ಪಾತ್ರೆಗಳ ಅಂಗಡಿ ಇದೆ. "ಗಲ್ಲಾದಾಗ ಕುಂದ್ರು, ಮನ್ಯಾಗ ಇರು, ಏನ್ ಕಮ್ಮಿ ಆಗೇತಿ ನಿನಗ?" ಎಂದ. ಕಮ್ಮಿ ಏನೂ ಆಗಿರಲಿಲ್ಲ. ಆದರೆ ಜೀವನವಿಡೀ ಅಣ್ಣನ ಗಲ್ಲಾದಲ್ಲಿ ಕೂತು, ಗಿರಾಕಿಗಳ ಮುಂದೆ "ನಮ್ಮ ತಂಗಿ, ಪಾಪ, ಮನ್ಯಾಗ ಅದಾಳ" ಎನಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ಜಗಳವಾಯಿತು. ಕೊನೆಗೆ ಅಣ್ಣ ಒಂದು ಗಡುವು ಹಾಕಿದ: "ನಾಗರಪಂಚಮಿ ತನಕ ನೋಡು. ಅಷ್ಟರಾಗ ಕೆಲಸ ಸಿಗಲಿಲ್ಲಂದ್ರ ಸುಮ್ಮನ ಬಂದು ಗಲ್ಲಾದಾಗ ಕುಂದರಬೇಕು." ಆಗಲಿ ಎಂದೆ. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಒಳಗಿಂದಲೇ ನಕ್ಕಳು. ಆ ನಗು ನನ್ನ ಜೊತೆ ರೈಲು ಹತ್ತಿತು.

ರಾಮಮೂರ್ತಿ ನಗರದಲ್ಲಿ ಮಹಡಿ ಮೇಲೆ ಒಂದು ಕೋಣೆ ಸಿಕ್ಕಿತು. ಅದಕ್ಕೆ ಮೊದಲು ನೋಡಿದ ಮನೆಗಳಲ್ಲಿ "ಫ್ಯಾಮಿಲಿಗೆ ಮಾತ್ರ" ಎಂದು ಬಾಗಿಲಲ್ಲೇ ಕಳಿಸಿದರು. ನಾನೂ ಒಂದು ಫ್ಯಾಮಿಲಿಯೇ, ಒಬ್ಬಳದು, ಎಂದರೆ ಯಾರೂ ಒಪ್ಪಲಿಲ್ಲ. ಒಪ್ಪಿದವರು ಮುನಿರತ್ನಮ್ಮ. ಈ ಬಡಾವಣೆ ಇನ್ನೂ ರಾಗಿ ಹೊಲವಾಗಿದ್ದಾಗಿನಿಂದ ಇಲ್ಲೇ ಇರುವವರು. ಅವರ ಮನೆಯ ನಡುಕೋಣೆಯ ಗೋಡೆಯಲ್ಲಿ ಬುದ್ಧನ ಪಟವಿದೆ, ಅದರ ಕೆಳಗೆ ಒಂದು ಮರದ ಕುರ್ಚಿ, ಆ ಕುರ್ಚಿಯಲ್ಲಿ ದಿನವಿಡೀ ಅವರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದು ಒಂದೇ ಮಾತು: "ನೀರು ಹಿಡಿಯೋಕೆ ಬೆಳಗ್ಗೆ ಏಳ್ತೀಯೇನಮ್ಮಾ?" ಏಳ್ತೀನ್ರಿ ಎಂದೆ. ಬೀಗದ ಕೈ ಕೊಟ್ಟರು.

ಮರುದಿನ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಅವರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ಯಾರನ್ನಮ್ಮಾ ಹೊಡೀತಿದ್ದೀಯ?" ರೊಟ್ಟಿ ತೋರಿಸಿದೆ. ಒಂದು ತುಂಡು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. "ಇದನ್ನ ತಿನ್ನೋಕೆ ಹಲ್ಲಿರ್ಬೇಕು" ಎಂದು ಇಳಿದು ಹೋದರು. ಸಂಜೆ ತಾವೇ ಮುದ್ದೆ, ಬಸ್ಸಾರು ಕಳಿಸಿದರು. ಬಸ್ಸಾರು ಎಂದರೆ ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನಲ್ಲಿ ಮಾಡುವ ಸಾರು, ರುಚಿ ಬಲು ಚೆನ್ನ. ಮುದ್ದೆಯನ್ನು ನಾನು ಅಗಿದೆ. "ಅಯ್ಯೋ, ಅಗೀಬಾರ್ದಮ್ಮಾ, ನುಂಗ್ಬೇಕು!" ಎಂದು ಅವರು ತಲೆ ಚಚ್ಚಿಕೊಂಡರು. ಇಲ್ಲಿಯವರಿಗೆ ಅಗಿಯುವುದು ಕಷ್ಟ, ನಮಗೆ ನುಂಗುವುದು ಕಷ್ಟ. ಬೆಂಗಳೂರಿನಲ್ಲಿ ಇದು ಮುದ್ದೆಗೆ ಮಾತ್ರ ಅನ್ವಯಿಸುವ ಮಾತಲ್ಲ.

ನನ್ನ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಅವರದು ನನಗೆ ಮುಕ್ಕಾಲು. ಅವರ ಕನ್ನಡದಲ್ಲಿ ತೆಲುಗು, ತಮಿಳು ಎರಡೂ ಬಂದು ಕೂತಿದ್ದವು. ಬಸ್ಸಿನಲ್ಲಿ ಇನ್ನೂ ಬೇರೆ. ಟಿನ್ ಫ್ಯಾಕ್ಟರಿ ಎಂಬ ನಿಲ್ದಾಣದಲ್ಲಿ ನಾನು ದಿನವೂ ಬಸ್ಸು ಬದಲಾಯಿಸುತ್ತಿದ್ದೆ. ಫ್ಯಾಕ್ಟರಿ ಮಾತ್ರ ಇವತ್ತಿಗೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅಲ್ಲಿ ನಿಂತು ದಾರಿ ಕೇಳಿದರೆ ಒಬ್ಬರು ಹಿಂದಿಯಲ್ಲಿ, ಇನ್ನೊಬ್ಬರು ತಮಿಳಿನಲ್ಲಿ ಹೇಳುತ್ತಿದ್ದರು. ಮೂರನೆಯವರು ಕನ್ನಡದಲ್ಲೇ ಹೇಳಿ, "ನೀವು ಯಾವ ಭಾಷೆ ಮೇಡಮ್?" ಎಂದು ಕೇಳುತ್ತಿದ್ದರು. ಸಿಟ್ಟು ಬರುತ್ತಿತ್ತು. "ನಿಮ್ದೇರಿ!" ಎನ್ನುತ್ತಿದ್ದೆ.

ಕೆಲಸದ ಹುಡುಕಾಟಕ್ಕೆ ಬರುತ್ತೇನೆ. ಶ್ವೇತಾ ನನ್ನನ್ನು ತಿದ್ದಲು ಕೂತಳು. ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ. ಅವಳು ಹೇಳಿದ್ದರಲ್ಲಿ ಒಳ್ಳೆಯದೂ ಇತ್ತು. "ಮೇಡಮ್, ಒಂದು ಕೆಲಸಕ್ಕೆ ರಾಶಿ ಪ್ರೊಫೈಲ್ ಬರುತ್ತೆ. ಅದರಲ್ಲಿ ನೀವು ಎದ್ದು ಕಾಣ್ಬೇಕು. 'ಶ್ರದ್ಧೆಯಿಂದ ಕೆಲಸ ಮಾಡ್ತೀನಿ' ಅಂತ ಎಲ್ರೂ ಬರೀತಾರೆ. ನೀವು ಮಾಡಿದ್ದು ಒಂದು ಘಟನೆ ಹೇಳಿ, ಅದು ನೆನಪಲ್ಲಿ ಉಳಿಯುತ್ತೆ" ಎಂದಳು. ಇದನ್ನು ನಾನು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಆದರೆ ಎದ್ದು ಕಾಣುವುದು ಎಂಬ ಮಾತೇ ನನಗೆ ಇರುಸುಮುರುಸಾಯಿತು. ನಮ್ಮ ಅವ್ವ ನನ್ನನ್ನು ಬೆಳೆಸಿದ್ದೇ "ನಾಲ್ಕು ಮಂದ್ಯಾಗ ಎದ್ದು ಕಾಣಬ್ಯಾಡ" ಎಂದು.

ಮುಂದೆ ಶ್ವೇತಾ ನನ್ನ ಹಾಳೆಯನ್ನು ಪಾಲಿಷ್ ಮಾಡಿದಳು. ಪಾಲಿಷ್ ಎಂಬುದು ಅವಳದೇ ಮಾತು. ಗದಗ ಹೋಗಿ ಹುಬ್ಬಳ್ಳಿ ಬಂತು. "ಗದಗ ಅಂದ್ರೆ ಇಲ್ಲಿಯವರಿಗೆ ಗೊತ್ತಾಗಲ್ಲ ಮೇಡಮ್, ಹುಬ್ಬಳ್ಳಿ ಅಂದ್ರೆ ಸಿಟಿ." ನನ್ನ ದುಡಿಮೆಯ ವರ್ಷಗಳಲ್ಲಿ ಮೊದಲಿನ ಕೆಲವು ಮಾಯವಾದವು. "ತುಂಬಾ ವರ್ಷ ಹಾಕಿದ್ರೆ ವಯಸ್ಸು ಲೆಕ್ಕ ಹಾಕ್ತಾರೆ." ನಾನು ಕೆಲಸ ಕಲಿತದ್ದೇ ಆ ವರ್ಷಗಳಲ್ಲಿ. ಹೇಳಿದೆ. "ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಮ್" ಎಂದಳು. ಬೆಂಗಳೂರಿನಲ್ಲಿ ಬಸ್ಸಿನ ಸೀಟಿನಿಂದ ಹಿಡಿದು ಬದುಕಿನ ತನಕ ಎಲ್ಲದಕ್ಕೂ ಈ ಒಂದೇ ಮಂತ್ರ. ಆಗಲಿ ಎಂದೆ.

ಆಗಲಿ ಎಂದೆ ಯಾಕೆಂದು ಹೇಳಬೇಕು. ನಮ್ಮ ಕಡೆ, ನಮಗಾಗಿ ಓಡಾಡುವವರಿಗೆ ಮುಖದ ಮೇಲೆ ಇಲ್ಲ ಎನ್ನುವ ರೂಢಿಯಿಲ್ಲ. ಒಬ್ಬರು ಸಂಬಂಧ ತಂದರೆ ಆಗಲಿ ಎನ್ನುತ್ತೇವೆ, ಇನ್ನೊಬ್ಬರು ತಂದರೂ ಆಗಲಿ ಎನ್ನುತ್ತೇವೆ. ನಾಲ್ಕು ಕಡೆ ಮಾತು ಬಿದ್ದರೆ ಒಂದು ಕಡೆ ಕೂಡುತ್ತದೆ. ಹಾಗೆಂದೇ, ಯಾರಿಂದಲೋ ನನ್ನ ನಂಬರ್ ಪಡೆದ ಇಮ್ರಾನ್ ಎಂಬ ಇನ್ನೊಬ್ಬ ಕನ್ಸಲ್ಟೆನ್ಸಿಯವರು ಫೋನ್ ಮಾಡಿ, "ಮೇಡಮ್, ಖರೀದಿ ಕೆಲಸಕ್ಕೆ ಒಂದು ಒಳ್ಳೆ ಓಪನಿಂಗ್ ಇದೆ, ನಿಮ್ಮ ಪ್ರೊಫೈಲ್ ಹಾಕ್ಲಾ?" ಎಂದಾಗಲೂ ನಾನು ಆಗಲಿ ಎಂದೆ.

ಇಮ್ರಾನರ ಕನ್ಸಲ್ಟೆನ್ಸಿ ಶಿವಾಜಿನಗರದ ಗಲ್ಲಿಯೊಂದರಲ್ಲಿ, ಚಪ್ಪಲಿ ಅಂಗಡಿಯ ಮೇಲೆ. ಒಂದೇ ಕೋಣೆ, ಅವರೊಬ್ಬರೇ. ಮಾಲಕರೂ ಅವರೇ, ಗುಮಾಸ್ತರೂ ಅವರೇ, ಕೆಳಗಿನಿಂದ ಚಹಾ ತರುವವರೂ ಅವರೇ. "ಅರೆ ಮೇಡಮ್, ಗದಗಿಂದ ಬಂದಿದ್ದೀರ, ಮೊದ್ಲು ಚಾಯ್ ಕುಡೀರಿ" ಎಂದರು. ಬೆಂಗಳೂರಿನಲ್ಲಿ ನನ್ನ ಊರಿನ ಹೆಸರಿಗೆ ಚಹಾ ಸಿಕ್ಕಿದ್ದು ಅಲ್ಲೇ ಮೊದಲು. ನಾನು ಕೊಟ್ಟ ಹಾಳೆಯನ್ನು ಅವರು ಒಂದಕ್ಷರ ಬದಲಿಸದೆ ಇಟ್ಟುಕೊಂಡರು.

ನಮ್ಮ ಮಧ್ಯಸ್ಥರಿಗೂ ಇಲ್ಲಿಯ ಮಧ್ಯಸ್ಥರಿಗೂ ಇರುವ ದೊಡ್ಡ ವ್ಯತ್ಯಾಸ ನನಗೆ ಆಗ ಗೊತ್ತಿರಲಿಲ್ಲ. ನಮ್ಮವರು ಹೊಸ್ತಿಲು ದಾಟುವ ಮುಂಚೆಯೇ ಹೇಳುವುದು ಮನೆತನದ ಹೆಸರು. ಇಲ್ಲಿಯವರು ಕಂಪನಿಯ ಹೆಸರನ್ನು ಕೊನೆಯವರೆಗೂ ಬಾಯಿ ಬಿಡುವುದಿಲ್ಲ. ಹೇಳಿದರೆ ನಾವು ಅವರನ್ನು ಬಿಟ್ಟು ನೇರವಾಗಿ ಹೋಗಿಬಿಡುತ್ತೇವೆ ಎಂಬ ಭಯ. ಶ್ವೇತಾ ಹೇಳಿದ್ದು, "ವಿಮಾನದ ಬಿಡಿಭಾಗ ಮಾಡೋ ಒಂದು ಕ್ಲೈಂಟು." ಇಮ್ರಾನ್ ಹೇಳಿದ್ದು, "ವಿಮಾನಪುರದ ಹತ್ರ ಒಂದು ಫ್ಯಾಕ್ಟ್ರಿ." ವಿಮಾನಪುರದ ಸುತ್ತ ಅಂಥ ಕಾರ್ಖಾನೆಗಳೇ ಇರುವುದು, ಬೇರೆ ಬೇರೆ ಇರಬೇಕೆಂದುಕೊಂಡೆ.

ಒಂದು ಬೆಳಗ್ಗೆ ನೀರು ಹಿಡಿಯುತ್ತಿದ್ದಾಗ ಶ್ವೇತಾಳ ಫೋನ್ ಬಂತು. "ಮೇಡಮ್, ಏನ್ ಮಾಡಿಬಿಟ್ರಿ? ಇನ್ನೊಂದು ಕನ್ಸಲ್ಟೆನ್ಸಿಯಿಂದಲೂ ನಿಮ್ಮ ಪ್ರೊಫೈಲ್ ಅದೇ ಕ್ಲೈಂಟಿಗೆ ಹೋಗಿದೆ. ಡುಪ್ಲಿಕೇಟು! ಅದೂ ಒಂದರಲ್ಲಿ ಹುಬ್ಬಳ್ಳಿ, ಇನ್ನೊಂದರಲ್ಲಿ ಗದಗ. ಒಂದರಲ್ಲಿ ಕಮ್ಮಿ ವರ್ಷ, ಇನ್ನೊಂದರಲ್ಲಿ ಜಾಸ್ತಿ. ನೀವು ಸುಳ್ಳು ಹೇಳಿದ್ದೀರ ಅಂತ ಎರಡನ್ನೂ ತೆಗೆದುಹಾಕಿದ್ದಾರೆ. ಇನ್ನು ಆರು ತಿಂಗಳು ಆ ಕಂಪನಿಗೆ ನಿಮ್ಮ ಹೆಸರೇ ಹಾಕೋ ಹಾಗಿಲ್ಲ. ನಮ್ಮ ಬಾಸ್ ನನ್ನನ್ನ ಬೈದು ಇಟ್ಟಿದ್ದಾರೆ."

ಕೊಡ ತುಂಬಿ ಕಾಲ ಮೇಲೆ ನೀರು ಹರಿಯುತ್ತಿತ್ತು. ನಾನು ನಿಂತೇ ಇದ್ದೆ. ಅಲ್ಲ, ಒಬ್ಬರಿಗೂ ಸುಳ್ಳು ಹೇಳದ ನಾನು ಸುಳ್ಳಿ! ವರ್ಷಗಳನ್ನು ಕತ್ತರಿಸಿದ್ದು ಅವಳು, ಊರು ಬದಲಿಸಿದ್ದು ಅವಳು, ಕಂಪನಿಯ ಹೆಸರು ಮುಚ್ಚಿಟ್ಟಿದ್ದು ಇಬ್ಬರೂ. ಸುಳ್ಳಿ ಮಾತ್ರ ನಾನು. ಪಂಚಮಿ ಹತ್ತಿರ ಬಂದಿತ್ತು. ಬೇರೆ ಯಾವ ಕಡೆಯಿಂದಲೂ ಕರೆ ಬಂದಿರಲಿಲ್ಲ. ಅದೇ ದಿನ ವೈನಿ ಫೋನ್ ಮಾಡಿ, "ಯಾವಾಗ ಬರ್ತಿ? ಉಂಡಿ ಕಟ್ಟಾಕ ಕೈ ಬೇಕಾಗ್ಯಾವ" ಎಂದಳು. ಅದೇ ನಗು. ಕೆಳಗೆ ಮುನಿರತ್ನಮ್ಮನ ಕುರ್ಚಿಯ ಎದುರು ನೆಲದ ಮೇಲೆ ಕೂತು ನಾನು ಅತ್ತೆ. ಅವಮಾನಕ್ಕೆ ಅತ್ತೆ, ಸಿಟ್ಟಿಗೂ ಅತ್ತೆ.

ಅವರು ಎಲ್ಲ ಕೇಳಿಸಿಕೊಂಡರು. "ನಿಮ್ಮೂರಲ್ಲಿ ಒಂದು ಹೆಣ್ಣಿಗೆ ಇಬ್ರು ಬ್ರೋಕರುಗಳು ಒಂದೇ ಗಂಡು ತಂದ್ರೆ ಏನ್ ಮಾಡ್ತಾರಮ್ಮಾ?" ಎಂದರು.

ಅವರು ಸುಮ್ಮನೆ ಕೇಳಿದ ಮಾತದು. ನನಗೆ ಥಟ್ಟನೆ ನಮ್ಮ ಸಣ್ಣತ್ತಿಯ ಮದುವೆ ನೆನಪಾಯಿತು. ಇಬ್ಬರು ಒಂದೇ ಸಂಬಂಧ ತಂದಿದ್ದರು, ನಾ ಮೊದಲು ತಂದವ, ನೀ ಅಲ್ಲ ಎಂದು ಓಣಿಯಲ್ಲಿ ಜಗಳಕ್ಕೆ ನಿಂತಿದ್ದರು. ನಮ್ಮಜ್ಜ ಇಬ್ಬರನ್ನೂ ಊಟಕ್ಕೆ ಕರೆದ. ಒಂದೇ ಪಂಕ್ತಿಯಲ್ಲಿ ಕೂಡಿಸಿದ. ಮಾತು ಮುಗಿಯುವ ತನಕ ಕೈ ತೊಳೆಯಲು ಯಾರನ್ನೂ ಬಿಡಲಿಲ್ಲ.

"ಊಟಕ್ಕ ಕರೀತಾರ್ರಿ," ಎಂದೆ.

"ಕರಿ ಮತ್ತೆ. ಪಾತ್ರೆ ಬೇಕಾದ್ರೆ ನಂದು ತಗೋ."

ಫೋನ್ ಮಾಡಿ ಕರೆದಾಗ ಶ್ವೇತಾ ಮೊದಲು ನಕ್ಕಳು, ಆಮೇಲೆ ಹೆದರಿದಳು. "ಬೇರೆ ಕನ್ಸಲ್ಟೆನ್ಸಿಯವರ ಜೊತೆ ನಾವು ಮಾತಾಡೋದೇ ಇಲ್ಲ ಮೇಡಮ್, ಅವರು ಕಾಂಪಿಟಿಟರ್ಸ್!" ಇಮ್ರಾನ್, "ಬಿಡಿ ಮೇಡಮ್, ಇದು ಹೋಯ್ತು. ಇನ್ನೊಂದು ನೋಡೋಣ" ಎಂದರು. ನಾನು ಇಬ್ಬರಿಗೂ ಒಂದೇ ಮಾತು ಹೇಳಿದೆ: "ಭಾನುವಾರ ಮಧ್ಯಾಹ್ನ ನಮ್ಮ ಮನಿಗೆ ಊಟಕ್ಕ ಬರಬೇಕು. ಬರಲಿಲ್ಲಂದ್ರ ನನ್ನ ಹಾಳಿ ನನಗ ವಾಪಸ್ ಕೊಡ್ರಿ, ನಿಮ್ಮ ಹತ್ರ ನನ್ನ ಹೆಸರು ಇರೋದು ಬ್ಯಾಡ." ನನ್ನ ಬಾಯಿಂದ ಬ್ಯಾಡ ಎಂಬ ಶಬ್ದ ಬಂದದ್ದಕ್ಕೆ ನಾನೇ ಬೆಚ್ಚಿದೆ.

ಬಂದರು. ಶ್ವೇತಾ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗೆ ಕೂತಿದ್ದ ಇಮ್ರಾನರನ್ನು ನೋಡಿ ಅಲ್ಲೇ ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ಕಂಡಿರಲಿಲ್ಲ, ದೂರದಿಂದಲೇ ಬೈದುಕೊಂಡಿದ್ದರು ಅಷ್ಟೆ. ಮುನಿರತ್ನಮ್ಮನ ಕುರ್ಚಿಯನ್ನೂ ಮೇಲೆ ತರಿಸಿದೆ. ಹಿರೇತನಕ್ಕೆ ಒಬ್ಬರು ಬೇಕಲ್ಲ. ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಮೊಸರು ಬಡಿಸಿದೆ. ಶ್ವೇತಾ ಮೊದಲ ತುತ್ತಿಗೇ ಕಣ್ಣಲ್ಲಿ ನೀರು ತಂದುಕೊಂಡಳು. ಖಾರ. ಇಮ್ರಾನ್ ಮೊಸರಿನ ಬಟ್ಟಲನ್ನು ಅವಳ ಕಡೆ ಸರಿಸಿದರು. ಅಲ್ಲಿಗೆ ಅರ್ಧ ಕೆಲಸ ಆಯಿತೆಂದು ನನಗೆ ಗೊತ್ತಾಯಿತು.

"ನಾನು ಮೊದ್ಲು ಕಳ್ಸಿದ್ದು," ಎಂದಳು ಶ್ವೇತಾ.

"ನೀವು ಕಳ್ಸಿದ್ದು ಇವರ ಪ್ರೊಫೈಲೇ ಅಲ್ಲಮ್ಮಾ. ಹುಬ್ಬಳ್ಳಿಯ ಯಾರೋ ಬೇರೆ ಮೇಡಮ್ ಅವರದು," ಎಂದರು ಇಮ್ರಾನ್.

"ಅದು ಪಾಲಿಷ್ ಸರ್. ಎಲ್ರೂ ಮಾಡ್ತಾರೆ."

"ನಾನು ಮಾಡಲ್ಲ."

"ಅದಕ್ಕೇ ನಿಮ್ಮದು ಒಂದೇ ರೂಮಲ್ಲಿದೆ!"

ಇಮ್ರಾನರ ಮುಖ ಕೆಂಪಾಯಿತು. ನಾನು ನಡುವೆ ಬಾಯಿ ಹಾಕಿದೆ. "ನಿಮ್ಮ ರೂಮಿನ ಮಾತು ಆಮ್ಯಾಲೆ ಆಡ್ರಿ. ನನ್ನನ್ನ ಕಳಸೋ ಕಂಪನಿ ಹೆಸರು ನಿಮ್ಮಿಬ್ಬರಾಗ ಯಾರು ನನಗ ಹೇಳಿದ್ರಿ?"

ಇಬ್ಬರೂ ರೊಟ್ಟಿ ನೋಡಿದರು.

"ಹೇಳಿದ್ರ ನಾನು ಒಬ್ಬರಿಗೆ ಬ್ಯಾಡ ಅಂತಿದ್ದೆ. ಹೇಳಲಿಲ್ಲ. ಈಗ ಸುಳ್ಳಿ ಅನ್ನೋ ಹೆಸರು ಯಾರ ತಲಿ ಮ್ಯಾಲೆ ಬಂತು? ಅದನ್ನ ತೆಗೀರಿ. ಕೆಲಸ ಸಿಗಲಿ ಬಿಡಲಿ, ಮೊದಲು ಅದನ್ನ ತೆಗೀರಿ."

ಮುನಿರತ್ನಮ್ಮ ಕುರ್ಚಿಯಿಂದಲೇ, "ಹೆಣ್ಣೂ ಒಂದೇ, ಗಂಡೂ ಒಂದೇ. ನಿಮ್ಮ ಜಗಳಕ್ಕೆ ಮದ್ವೆ ನಿಲ್ಲಿಸ್ಬಿಡ್ತೀರೇನ್ರೋ?" ಎಂದರು. ಶ್ವೇತಾಗೆ ನಗು ತಡೆಯಲಾಗಲಿಲ್ಲ. ಆಮೇಲೆ ನಿಜ ಹೇಳಿದಳು. ಅವಳ ತಂದೆತಾಯಿ ದಾವಣಗೆರೆಯವರು, ಕೆ.ಆರ್. ಪುರದಲ್ಲಿ ಅವಳೂ ಬಾಡಿಗೆ ಮನೆಯಲ್ಲಿದ್ದಾಳೆ. ತಿಂಗಳ ಕೊನೆಗೆ ಇಷ್ಟು ಜನರನ್ನು ಕೆಲಸಕ್ಕೆ ಸೇರಿಸದಿದ್ದರೆ ಅವಳ ಕೆಲಸವೇ ಹೋಗುತ್ತದೆ. "ತಪ್ಪು ನಮ್ಮದು ಅಂತ ಬರೆದ್ರೆ ಬಾಸ್ ನನ್ನ ಬಿಡ್ತಾರಾ ಮೇಡಮ್?"

"ಹಂಗಾರ ತಪ್ಪು ನಂದು ಅಂತನ ಇರಲೇನವಾ?" ಎಂದೆ.

ಇಮ್ರಾನ್ ನೀರು ಕುಡಿದು ಲೋಟ ಕೆಳಗಿಟ್ಟರು. "ನಾನು ಬಿಟ್ಕೊಡ್ತೀನಿ. ನನ್ನನ್ನ ಕೇಳೋಕೆ ಬಾಸ್ ಇಲ್ಲ. ಇವರನ್ನ ನಾನು ಕಳ್ಸಿದ್ದನ್ನ ವಾಪಸ್ ತಗೋತೀನಿ ಅಂತ ಕಂಪನಿಗೆ ಬರೀತೀನಿ. ಆದ್ರೆ ಶ್ವೇತಾ ಮೇಡಮ್, ನೀವೂ ಬರೀಬೇಕು. ಕ್ಲೈಂಟ್ ಹೆಸರು ನಾವು ಇವರಿಗೆ ಹೇಳಿರಲಿಲ್ಲ, ಹಾಳೆಯನ್ನ ಬದಲಾಯಿಸಿದ್ದು ನಾವು, ಇವರಲ್ಲ. ನನ್ನ ಹೆಸರೂ ಸೇರಿಸಿಕೊಳ್ಳಿ, ಒಬ್ಬರ ಮೇಲೇ ಬರಲ್ಲ."

ಶ್ವೇತಾ ಎಡಗೈಯಲ್ಲಿ ಫೋನ್ ಹಿಡಿದು, ಬಲಗೈಯಲ್ಲಿ ಎಣಗಾಯಿ ಹಚ್ಚಿಕೊಂಡೇ ಬರೆದಳು. ಓದಿ ತೋರಿಸಿದಳು. ನನ್ನ ಮೂಲ ಹಾಳೆಯನ್ನೇ ಜೊತೆಗೆ ಹಚ್ಚಿದಳು, ಎಲ್ಲ ವರ್ಷಗಳ ಸಮೇತ. "ಹುಬ್ಬಳ್ಳಿ ಬೇಡ್ವಾ ಮೇಡಮ್, ಪಕ್ಕಾ?" ಎಂದಳು. "ಹುಬ್ಬಳ್ಳಿ ಚಲೋ ಊರ. ನನ್ನೂರಲ್ಲ" ಎಂದೆ. ಆಮೇಲೆ ಎಲ್ಲರೂ ಕೈ ತೊಳೆದುಕೊಂಡರು.

ಕಂಪನಿಯವರು ಕರೆದರು. ಕೆಲಸಕ್ಕಲ್ಲ, ಮಾತಿಗೆ. ಹೀಗೂ ಒಂದು ಪತ್ರ ಬರುತ್ತದೆಯೇ ಎಂದು ಅವರಿಗೆ ಆಶ್ಚರ್ಯವಾಗಿತ್ತಂತೆ. ಖರೀದಿ ವಿಭಾಗದ ಹಿರಿಯರು ಹಲಸೂರಿನಲ್ಲಿ ಹುಟ್ಟಿ ಬೆಳೆದವರು, ಕನ್ನಡದಲ್ಲಿ ತಮಿಳಿನ ರಾಗ. "ನಿಮ್ಮ ಬಗ್ಗೆ ಹೇಳಿಮ್ಮಾ" ಎಂದರು.

ಶ್ವೇತಾ ಕಲಿಸಿದ ಎರಡು ನಿಮಿಷದ ಪಾಠ ಬಾಯಿಗೆ ಬಂದಿತ್ತು. ಅದನ್ನು ನುಂಗಿದೆ. "ನಾನು ಗದಗಿನಾಕಿ ಸರ್" ಎಂದೇ ಶುರು ಮಾಡಿದೆ. ಅವರು ತಡೆಯಲಿಲ್ಲ. ಕಾರ್ಖಾನೆಯದನ್ನೆಲ್ಲ ಹೇಳಿದೆ, ಮುಚ್ಚಿದ್ದನ್ನೂ ಹೇಳಿದೆ. "ಅದ್ಸರಿ, ಈ ಎರಡು ಪ್ರೊಫೈಲ್ ಕಥೆ ಏನು?" ಎಂದರು. ಒಂದು ಘಟನೆ ಹೇಳಿ, ನೆನಪಲ್ಲಿ ಉಳಿಯುತ್ತದೆ ಎಂದಿದ್ದಳಲ್ಲ ಶ್ವೇತಾ. ಭಾನುವಾರದ ಊಟವನ್ನೇ ಹೇಳಿದೆ. ಮೊಸರಿನ ಬಟ್ಟಲನ್ನೂ ಬಿಡಲಿಲ್ಲ. "ಸರಕು ಕೊಡೋರು ಇಬ್ಬರು ಜಗಳಾಡಿದ್ರ ನಾನು ಗದಗಿನ್ಯಾಗ ಮಾಡ್ತಿದ್ದದ್ದೂ ಇದನ್ನ ಸರ್. ಇಬ್ಬರನ್ನೂ ಎದುರಿಗೆ ಕೂಡಸೋದು. ಫೋನ್ಯಾಗ ಜಗಳ ಮುಗಿಯೂದಿಲ್ಲ."

ಅವರು ವಯಸ್ಸು ಕೇಳಿದರು, ಹೇಳಿದೆ. ಮದುವೆ ಕೇಳಲಿಲ್ಲ, ಪುಣ್ಯಾತ್ಮ. ಕೊನೆಗೆ ಎದ್ದು, "ಆಯ್ತಮ್ಮಾ, ತಿಳಿಸ್ತೀವಿ" ಎಂದರು.

ಆ ಮಾತು ಕಿವಿಗೆ ಬೀಳುತ್ತಲೇ ನಮ್ಮ ಮನೆಯ ಅವಲಕ್ಕಿ ತಿಂದು ಎದ್ದು ಹೋದವರೆಲ್ಲ ನೆನಪಾದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. "ಯಾವತ್ತು ತಿಳಸ್ತೀರಿ ಸರ್?" ಎಂದೆ.

"ಅಂದ್ರೆ?"

"ಪಂಚಮಿಗೆ ಊರಿಗೆ ಹೊಂಟೀನಿ. ಹೋಗೋ ಟಿಕೆಟ್ ಒಂದ ತಗೀಬೇಕೋ, ಬರೋದೂ ತಗೀಬೇಕೋ ನನಗ ಗೊತ್ತಾಗಬೇಕು. ಗಾಳಿಯಾಗ ಇಡಬ್ಯಾಡ್ರಿ. ಇಲ್ಲಂದ್ರ ಇಲ್ಲ ಅನ್ರಿ, ನಾ ಏನೂ ಅನ್ಕೊಳ್ಳೂದಿಲ್ಲ."

ಅವರು ನನ್ನನ್ನು ನೋಡಿದರು. ಸಿಟ್ಟಾದರೆಂದೇ ತಿಳಿದೆ. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ನಾಳೆ ಸಂಜೆ ಫೋನ್ ಬರುತ್ತೆ, ಮೇಲಿನವರನ್ನ ಕೇಳ್ಬೇಕು" ಎಂದರು. ಮರುದಿನ ಸಂಜೆ ಅವರೇ ಫೋನ್ ಮಾಡಿದರು. "ಎರಡೂ ಟಿಕೆಟ್ ತೆಗೀರಿಮ್ಮಾ" ಎಂದರು, ಇಟ್ಟುಬಿಟ್ಟರು. ನಾನು ಮೆಟ್ಟಿಲ ಮೇಲಿಂದಲೇ "ಮುನಿರತ್ನಮ್ಮಾ!" ಎಂದು ಕೂಗಿದ್ದು ಮೂರನೇ ಮನೆಯ ತನಕ ಕೇಳಿಸಿತಂತೆ.

ಪಂಚಮಿಗೆ ಗದಗಿಗೆ ಹೋದೆ. ಒಂದು ವಿಚಿತ್ರ ಹೇಳುತ್ತೇನೆ. ನಮ್ಮ ಕಡೆ ಪಂಚಮಿ ಎಂದರೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ನಾನು ಮದುವೆಯಾಗದವಳು, ಹುಟ್ಟಿದ ಮನೆಯಲ್ಲೇ ಉಳಿದವಳು, ನನಗೆ ತವರೇ ಇರಲಿಲ್ಲ. ಇದ್ದದ್ದು ಮನೆ. ಆ ಸಲ ನಾನು ಚೀಲ ಹಿಡಿದು ಓಣಿಗೆ ಕಾಲಿಟ್ಟಾಗ ವೈನಿಯೇ ಬಾಗಿಲಿಗೆ ನೀರು ತಂದಳು, ಕಾಲಿಗೆ ಕೊಟ್ಟಳು. ಉಂಡಿ ಕಟ್ಟಲು ಬಿಡಲಿಲ್ಲ. "ನೀ ದೂರದಿಂದ ಬಂದೀದಿ, ಕುಂದ್ರು" ಎಂದಳು. ನಗು ಇರಲಿಲ್ಲ. ಜೋಕಾಲಿ ಆಡುವಾಗ ಅಣ್ಣ ಬಂದು ಪಕ್ಕದಲ್ಲಿ ನಿಂತ. "ಯಾವಾಗ ಹೊಂಟಿ?" ಎಂದು ಕೇಳಿದ. ಆ ಪ್ರಶ್ನೆಯನ್ನು ಗೆದ್ದವಳ ಹಾಗೆ ಕೇಳಿಸಿಕೊಂಡೆ. ಆದರೆ ನನ್ನ ಮನೆಯಲ್ಲಿ ನನ್ನನ್ನು ಯಾವಾಗ ಹೊರಡುತ್ತೀ ಎಂದು ಅಲ್ಲಿಯತನಕ ಯಾರೂ ಕೇಳಿರಲಿಲ್ಲ.

ಈಗ ಕೆಲಸಕ್ಕೆ ಸೇರಿ ಬಹಳ ದಿನವಾಯಿತು. ಬೆಂಗಳೂರಿನ ಬೆಳಗಿನ ಚಳಿ, ಟಿನ್ ಫ್ಯಾಕ್ಟರಿಯ ನೂಕುನುಗ್ಗಲು, ನುಂಗುವ ಮುದ್ದೆ, ಎಲ್ಲ ರೂಢಿಯಾಗಿದೆ. ಶ್ವೇತಾ ಆ ಕಚೇರಿ ಬಿಟ್ಟು ಬೇರೆ ಕಡೆ ಸೇರಿದಳು. ಖಾರ ತಿನ್ನಲು ಆಗಾಗ ಬರುತ್ತಾಳೆ. ಕಳೆದ ವಾರ ಇಮ್ರಾನ್ ಫೋನ್ ಮಾಡಿದರು.

"ಮೇಡಮ್, ಈ ಸಲ ಕಂಪನಿ ಹೆಸರು ಮೊದಲೇ ಹೇಳ್ತೀನಿ," ಎಂದು ನಕ್ಕು ಹೇಳಿದರು. ಗಾಳಿಯಿಂದ ವಿದ್ಯುತ್ ಮಾಡುವವರು, ಖರೀದಿ ವಿಭಾಗಕ್ಕೆ ಮುಖ್ಯಸ್ಥರು ಬೇಕು, ಸಂಬಳ ಇಲ್ಲಿಗಿಂತ ಹೆಚ್ಚು. "ಮತ್ತೆ ಜಾಗ ಕೇಳಿ ಮೇಡಮ್. ಗದಗ! ನಿಮ್ಮೂರು. ನಿಮ್ಮ ಪ್ರೊಫೈಲ್ ನೋಡಿದ ತಕ್ಷಣ ಇದು ನಿಮಗೇ ಅಂತ ಅನ್ನಿಸ್ತು. ಹಾಕ್ಲಾ?"

ಗದಗಿನ ಗುಡ್ಡದ ಮೇಲೆ ತಿರುಗುವ ಆ ಬಿಳಿ ರೆಕ್ಕೆಗಳು ನಮ್ಮ ಮಾಳಿಗೆಯಿಂದ ಕಾಣುತ್ತವೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಿ ಅವನ್ನು ನೋಡುತ್ತಿದ್ದೆ. ಹೋಗಿಬಿಡಬಹುದು. ಅಣ್ಣನ ಗಲ್ಲಾಕ್ಕಲ್ಲ, ಮುಖ್ಯಸ್ಥಳ ಕುರ್ಚಿಗೆ. ಯಾರೂ ಪಾಪ ಎನ್ನುವುದಿಲ್ಲ. ಆದರೆ ಊರಿಗೆ ಹಿಂದಿರುಗಿದ ಮರುದಿನವೇ ನಾನು ಮತ್ತೆ ಮನೆಯಲ್ಲಿ ಉಳಿದ ತಂಗಿಯಾಗುತ್ತೇನೆ, ನನಗೆ ಚೆನ್ನಾಗಿ ಗೊತ್ತು. ಕೆಳಗೆ ಮುನಿರತ್ನಮ್ಮ ಯಾರಿಗೋ, "ಮೇಲಿನ ಮನೆಯೋಳು ನಮ್ಮೋಳೇ, ಅವಳನ್ನ ಕೇಳು" ಎನ್ನುತ್ತಿದ್ದರು.

"ಮೇಡಮ್? ಹಾಕ್ಲಾ?"

ನಮಗಾಗಿ ಓಡಾಡುವವರಿಗೆ ಇಲ್ಲ ಎನ್ನುವ ರೂಢಿ ನಮ್ಮ ಕಡೆ ಇಲ್ಲವೆಂದು ಆಗಲೇ ಹೇಳಿದೆ. ಇಲ್ಲ ಎನ್ನುವುದನ್ನು ನಾನು ಇಲ್ಲಿ ಕಲಿತೆ. ಕಲಿತದ್ದನ್ನು ನನ್ನೂರಿಗೇ ಹೇಳಬೇಕಾಗುತ್ತದೆ ಎಂದು ಎಣಿಸಿರಲಿಲ್ಲ.

"ಬ್ಯಾಡ್ರಿ," ಎಂದೆ.

"ಪಕ್ಕಾನಾ ಮೇಡಮ್? ನಿಮ್ಮೂರು ಇದು."

"ಪಕ್ಕಾ. ಆದ್ರ ಒಂದ ಮಾತ ಇಮ್ರಾನ್ ಅವರ. ಆ ಹಾಳಿ ಮ್ಯಾಲೆ ಗದಗ ಅಂತ ಬರದದ ಅಲ್ರಿ, ಅದನ್ನ ಮಾತ್ರ ತಗೀಬ್ಯಾಡ್ರಿ."